ಏನಂತ ಕರೆಯೋದು

ಗುಳೇದಗುಡ್ಡದ ನಮ್ಮ ಲೂಥರ್ ಸಭೆಯಲ್ಲಿ
ಪಾದ್ರಿಯಮ್ಮ ಎಂದರೆ ಪಾದ್ರಿಯ ಹೆಂಡತಿ.
ಹಾರ್ಮೋನಿಯಂ ಬಾರಿಸುವವಳು,
ಭಾನುವಾರ ಶಾಲೆಯ ಮಕ್ಕಳಿಗೆ ಪೆಪ್ಪರಮಿಂಟ್ ಹಂಚುವವಳು,
ಗಂಡನಿಗೆ ವರ್ಗವಾದಾಗ ಟ್ರಂಕು ಕಟ್ಟಿ ಹೊರಡುವವಳು.
ಆ ಮಾತು ಮೊದಲೇ ಯಾರದೋ ಮೈಗೆ ಹೊಲಿದದ್ದು.
ನನಗೆ ಗಂಡನಿಲ್ಲ.
ವರ್ಗವಾಗಿ ಬಂದದ್ದು ನಾನೇ, ಹುಟ್ಟಿದೂರಿಗೇ.

ಮೊದಲ ವಾರ ಹಿರಿಯರು ಕೂಡಿ
ನನ್ನನ್ನು ಏನಂತ ಕರೆಯೋದು ಎಂದು ಚರ್ಚಿಸಿದರು.
ಚಹಾ ಎರಡು ಸಲ ಬಂತು.
ಹೆಸರು ಎಲ್ಲರಿಗೂ ಗೊತ್ತು, ಇದೇ ಓಣಿಯ ಹುಡುಗಿ,
ಆದರೆ ಬಟ್ಟಲು ಎತ್ತುವವಳನ್ನು ಹೆಸರು ಹಿಡಿದು ಕರೆಯಲಾದೀತೆ?
ಅಯ್ಯನೋರು? ಗಂಟಲಿಗೆ ಮೀಸೆ ಸಿಕ್ಕ ಹಾಗೆ.
ಸಭಾಪಾಲಕಿ? ಯೋಬಪ್ಪ ಬೆಣಕಲ್ ತಲೆಯಾಡಿಸಿದರು:
"ಪಾಲಕಿ ಅಂದ್ರ ನಾಕು ಮಂದಿ ಹೊರಬೇಕಾಗತೈತಿ."
ಎಲ್ಲರೂ ನಕ್ಕರು. ನಾನೂ ನಕ್ಕೆ.
ನಗದಿದ್ದರೆ ಅದೇ ಇನ್ನೊಂದು ಚರ್ಚೆ.
ತೀರ್ಮಾನವಾಗಲಿಲ್ಲ. ಅಂದಿನಿಂದ
ಕರೆಯದೆಯೇ ಮಾತಾಡಿಸುತ್ತಾರೆ:
ಇಲ್ಲಿ ನೋಡ್ರಿ, ಹಂಗಲ್ರಿ, ಒಂದೀಟು ಬರ್ರಿ.

ಈ 'ರಿ' ಒಂದು ದೊಡ್ಡ ಕೃಪೆ.
ಅದಕ್ಕೆ ಗಡ್ಡವಿಲ್ಲ, ಬಳೆಯಿಲ್ಲ.
ಕನ್ನಡ ಮರ್ಯಾದೆ ಕೊಡುವಾಗ
ಗಂಡೋ ಹೆಣ್ಣೋ ಎಂದು ಕೇಳುವುದಿಲ್ಲ:
ಬಂದರು, ರೊಟ್ಟಿ ಮುರಿದರು, ಕೊಟ್ಟರು.
ಅಕ್ಟೋಬರಿನ ಕೊನೆಗೆ ವರ್ಷವೂ ಸಾರುತ್ತೇವಲ್ಲ,
ವಿಶ್ವಾಸಿಗಳೆಲ್ಲರೂ ಯಾಜಕರು ಎಂದು,
ಅಲ್ಲಿಯೂ ಒಂದು 'ರು' ಕೂತಿತ್ತು ಸದ್ದಿಲ್ಲದೆ,
ಎಡಗಡೆಯ ಚಾಪೆಯ ಮೇಲೆ ನಮ್ಮಜ್ಜಿ ಕೂತಂತೆ.

ಅಜ್ಜಿ ತಬಿಥವ್ವ ಬೈಬಲ್ ಹೆಂಗಸು.
ಮಿಶನ್ನಿನಿಂದ ತಿಂಗಳಿಗೆ ಆರು ರೂಪಾಯಿ, ಒಂದು ಕೊಡೆ.
ಖಣ ನೇಯುವ ಓಣಿಯಲ್ಲಿ ಕುಣಿಮಗ್ಗದ ಅಂಚಿಗೆ ಕೂತು
ಲಾಳಿಯ ಸದ್ದಿನ ಸಂದಿಯಲ್ಲಿ ಹೇಳುತ್ತಿದ್ದಳಂತೆ
ಕಳೆದ ನಾಣ್ಯಕ್ಕಾಗಿ ಮನೆಯೆಲ್ಲ ಗುಡಿಸಿದವಳನ್ನು,
ಕತ್ತಲಿರುವಾಗಲೇ ಸಮಾಧಿಗೆ ಹೋದವರನ್ನು.
ಮನೆಮನೆಯಲ್ಲಿ ಹೇಳಿದರೆ ಅದು ಕತೆ.
ಮೂರು ಮೆಟ್ಟಿಲು ಹತ್ತಿ ಹೇಳಿದರೆ ಪ್ರಸಂಗ.
ಆ ಮೂರು ಮೆಟ್ಟಿಲನ್ನು ಅವಳು ಒರೆಸಿದಳು, ಮೂವತ್ತು ವರ್ಷ.

ಅವ್ವ ಸುಜ್ಞಾನವ್ವನ ಪಾಲಿಗೆ ಬಂದದ್ದು ದ್ರಾಕ್ಷಾರಸ.
ತಿಂಗಳ ಮೊದಲ ಭಾನುವಾರಕ್ಕೆ ಶುಕ್ರವಾರವೇ
ತಿಕೋಟಾದ ಕಪ್ಪು ಒಣದ್ರಾಕ್ಷಿ ನೆನೆಹಾಕಿ,
ಕುದಿಸಿ, ಕಿವುಚಿ, ಹಳೆ ಧೋತರದ ತುಂಡಿನಲ್ಲಿ ಸೋಸಿ,
ಬೆರಳ ಸಂದಿ ಮಂಗಳವಾರದ ತನಕ ಕೆಂಪು.
ಬಟ್ಟಲು ತೊಳೆದವಳೂ ಅವಳೇ.
ಎತ್ತಿದವರು ಬೇರೆ.
ಆ ದಿನಗಳು ಬಂದರೆ ಮಾತ್ರ
ಪಕ್ಕದ ಮನೆಯ ಲೋಯಿಸವ್ವನಿಗೆ ಪಾತ್ರೆ ಕೊಟ್ಟು ಸುಮ್ಮನಿರುತ್ತಿದ್ದಳು.
ಇದು ಯಾವ ವಚನದಲ್ಲಿದೆಯವ್ವಾ ಎಂದರೆ,
"ವಚನದಾಗಿಲ್ಲ, ಓಣ್ಯಾಗೈತಿ."

ಕಳೆದ ತಿಂಗಳು ನನಗೆ ಅದೇ ಭಾನುವಾರ ಬಂತು.
ನಸುಕಿನಿಂದ ಹೊಟ್ಟೆ ಹಿಂಡುತ್ತಿತ್ತು.
ಗಂಡಸಿನ ಅಳತೆಯ ಬಿಳಿ ನಿಲುವಂಗಿ, ಭುಜಕ್ಕೆ ಪಿನ್ನು.
ಬಟ್ಟಲೆತ್ತಿ, ನಿಮಗೋಸ್ಕರ ಸುರಿಸಿದ ರಕ್ತ
ಎನ್ನುವಾಗ ದನಿ ಒಂದು ಕ್ಷಣ ನಿಂತಿತು.
ಹೆದರಿಕೆಯಲ್ಲ.
ಹನ್ನೆರಡು ವರ್ಷ ರಕ್ತ ಹರಿದವಳು ಬಂದಿದ್ದಳು ನೆನಪಿಗೆ.
ಅವಳು ಅಂಗಿಯ ಗೊಂಡೆ ಮುಟ್ಟಿದಾಗ
ಆತ ಕೇಳಿದ್ದು ಯಾರು ಮುಟ್ಟಿದರು ಎಂದು,
ಯಾಕೆ ಮುಟ್ಟಿದೆ ಎಂದಲ್ಲ.
ಉತ್ತರ ನನ್ನ ತುಟಿಗೇ ಬಂದಿತ್ತು:
ನಾನ್ರೀ.

ಯೋಬಪ್ಪ ಸಾಲಿಗೆ ಬರಲಿಲ್ಲ. ಬರುವುದಿಲ್ಲ ಅವರು.
ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂಡುತ್ತಾರೆ.
ಆದರೂ ಓದುವ ಅಧ್ಯಾಯವನ್ನು
ನನಗಿಂತ ಮೊದಲೇ ತೆರೆದಿಟ್ಟಿರುತ್ತಾರೆ.
ಅವರ ವಿಶ್ವಾಸ ಸಣ್ಣದೆನ್ನಲಾರೆ.
ಕೆಲವು ರಾತ್ರಿ ಅವರೇ ಸರಿಯೇನೋ ಅನಿಸಿ
ಎದ್ದು ದೀಪ ಹಾಕುತ್ತೇನೆ.

ಆರಾಧನೆ ಮುಗಿದ ಮೇಲೆ ಅವರ ಹೆಂಡತಿ,
ಅದೇ ಲೋಯಿಸವ್ವ, ಹಿಂದಿನ ಕೋಣೆಗೆ ಬಂದಳು.
"ಕೊಡ್ರಿ, ನಾ ತೊಳಿತೀನಿ."
ನಾನು ಕೊಡಲಿಲ್ಲ. ಅವಳು ಬಿಡಲಿಲ್ಲ.
ಇಬ್ಬರ ಕೈಯಲ್ಲೂ ಒಂದೇ ಬಟ್ಟಲು.
ತಳದಲ್ಲಿ ಸೋಸುಬಟ್ಟೆಗೆ ತಪ್ಪಿಸಿಕೊಂಡ
ಒಂದು ದ್ರಾಕ್ಷಿ ಸಿಪ್ಪೆ.
ಚೆಲ್ಲಬಾರದು ಅದನ್ನು.
ಬೆರಳಿಂದ ತೆಗೆದು ನನ್ನ ಬಾಯಿಗಿಟ್ಟಳು,
ಕೂಸಿಗೆ ಇಟ್ಟಂತೆ,
ಏನಂತಲೂ ಕರೆಯದೆ.